ಅಕ್ಷರ ಸವೆದ ಗುಂಡಿ

ಹೊಸದುರ್ಗದಲ್ಲಿ ಲ್ಯಾಪ್‌ಟಾಪ್ ಮಾರುತ್ತಿದ್ದ ಆತ ಕುರಿ ಕಾಯುವವರ ಮನೆಯಿಂದ ಬಂದವನು. ಮೊದಲೇ ಬೆಲೆ ಕೇಳಿದರೆ ಮುಖ ಗಂಟಿಕ್ಕುತ್ತಿದ್ದ. ಲ್ಯಾಪ್‌ಟಾಪ್ ಚಾಲೂ ಮಾಡಿ, ಮಲಗಿದ ಮಗುವಿನ ಎದೆಗೆ ಕಿವಿಯಿಟ್ಟಂತೆ ಬಾಗಿ, ಕಣ್ಣು ಮುಚ್ಚುತ್ತಿದ್ದ. ಆಮೇಲೆ ನಮ್ಮತ್ತ ಸರಿಸಿ, "ಉಸಿರು ಕೇಳ್ರಿ" ಎನ್ನುತ್ತಿದ್ದ. ಒಳಗಿನ ಫ್ಯಾನು ದೂರದ ಬಯಲಿನ ಗಾಳಿಯಂತೆ ಕೇಳಿಸುತ್ತಿತ್ತು.

ನಾನೂ ಹಾಗೆ ಕಿವಿಗೊಟ್ಟೇ ಹೊಸದೊಂದನ್ನು ಆರಿಸಿದೆ. ಬದಲಿಗೆ ನನ್ನ ಹಳೆಯದನ್ನು ಕೊಡಬೇಕಿತ್ತು. ಆತ ಕೈಚಾಚಿದ. ನನ್ನ ಕೈಗಳು ಮಾತ್ರ ಅದನ್ನು ಬಿಡಲಿಲ್ಲ. ಎಷ್ಟೋ ವರ್ಷ ನನ್ನ ಮಡಿಲಲ್ಲಿ ಬೆಚ್ಚಗೆ ಕೂತಿದ್ದ ಜೀವ ಅದು.

ಆತ ನಗಲಿಲ್ಲ. "ಕುರಿ ಮಾರುವಾಗ ನಾವು ಒಂದು ಚಿಟಿಕೆ ಉಣ್ಣೆ ಕಿತ್ತು ಇಟ್ಕಂತೀವಿ ಮೇಡಂ. ಪೂರ್ತಿ ಕಳಿಸಿಬಿಡಬಾರ್ದು" ಎಂದ. ಸಣ್ಣ ಸ್ಕ್ರೂಡ್ರೈವರ್‌ನಿಂದ ಕೀಬೋರ್ಡಿನ ಒಂದು ಗುಂಡಿ ಎಬ್ಬಿಸಿ ನನ್ನ ಅಂಗೈಯಲ್ಲಿಟ್ಟ. "ಈಗ ಕೊಡ್ರಿ."

ಕೊಟ್ಟೆ.

ಆ ಗುಂಡಿ ಇಂದಿಗೂ ನನ್ನ ಪರ್ಸಿನಲ್ಲಿದೆ. ಅದರ ಮೇಲಿನ ಅಕ್ಷರ ಎಂದೋ ಸವೆದುಹೋಗಿದೆ. ಯಾವ ಅಕ್ಷರವೆಂದು ನನಗೆ ನೆನಪಿಲ್ಲ. ನನ್ನ ಬೆರಳಿಗೆ ಗೊತ್ತು.