ಕಣಕಾಲು ಹಿಡಿಯುವ ಕೆಲಸ

ಮೊದಲ ದಿನ ನಾನು ಕೇಳಿದ ಪ್ರಶ್ನೆಗೆ ಎಲ್ಲರೂ ನಕ್ಕರು. "ನಾವು ಯಾರನ್ನು ಹುರಿದುಂಬಿಸುವುದು?" ಚಿಯರ್‌ಲೀಡಿಂಗ್ ಎಂದರೆ ಆಟದ ಬದಿಯಲ್ಲಿ ನಿಂತು ಕೂಗುವುದು ಎಂದುಕೊಂಡಿದ್ದೆ. ಇಲ್ಲಿ ಬೇರೆ ಆಟವೇ ಇಲ್ಲ. ಕೂಗುವವರೇ ಆಡುವವರು, ಕೂಗುವವರಿಗೇ ಅಂಕ. ಒಬ್ಬಳನ್ನು ಎತ್ತಿ ತಲೆಗಿಂತ ಮೇಲೆ ನಿಲ್ಲಿಸಬೇಕು, ಆ ಭಾರ ಹೊತ್ತುಕೊಂಡೇ ಹಲ್ಲು ಕಾಣುವಂತೆ ನಗಬೇಕು. ಇದಕ್ಕೆ ಆಲ್‌ಸ್ಟಾರ್ ಚಿಯರ್ ಎನ್ನುತ್ತಾರೆ.

ಅದು ಸೆಪ್ಟೆಂಬರ್ 9. ನಾವು ಕುಂದಾಪುರದಿಂದ ಕಡಲಾಚೆಯ ವಾಲ್ನಟ್ ಕ್ರೀಕ್‌ಗೆ ಬಂದು ನಲವತ್ತೊಂದನೆಯ ದಿನ. ಅಮ್ಮನಿಗೆ ಆಸ್ಪತ್ರೆಯಲ್ಲಿ ನರ್ಸ್ ಕೆಲಸ. ರೈಲು ನಿಲ್ದಾಣದಿಂದ ಹದಿನಾಲ್ಕು ನಿಮಿಷ ನಡೆದರೆ ನಮ್ಮ ಒಂದು ಕೋಣೆಯ ಅಪಾರ್ಟ್‌ಮೆಂಟು. ಆ ನಲವತ್ತೊಂದು ದಿನಗಳಲ್ಲಿ ಅಮ್ಮನನ್ನು ಬಿಟ್ಟು ನಾನು ಕನ್ನಡ ಮಾತಾಡಿದ್ದು ಆರು ಜನರೊಡನೆ. ಆ ದಿನ ತಂಡದ ಹನ್ನೆರಡು ವರ್ಷದ ಅನ್ವಿ ಏಳನೆಯವಳಾದಳು. ಅಪ್ಪ ಅಮ್ಮ ಬೆಂಗಳೂರಿನವರು, ಅವಳು ಹುಟ್ಟಿದ್ದು ಇಲ್ಲೇ. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ.

ನನ್ನನ್ನು ಸೇರಿಸಿಕೊಂಡ ಕಾರಣ ಸರಳ. ಟೈರ್ ಅಂಗಡಿಯ ಪಕ್ಕದ ಗೋದಾಮಿನ ಅರ್ಧದಲ್ಲಿ ಒಂದೇ ತಂಡವಾಗಿ ಶುರುವಾದ ಜಿಮ್ ಆ ವರ್ಷ ನಡುಗೋಡೆ ಒಡೆದು ಮೂರು ತಂಡ ಮಾಡಿತ್ತು. ಬಂದವರೆಲ್ಲ ಮೇಲೆ ನಿಲ್ಲುವ ಫ್ಲೈಯರ್ ಆಗಬೇಕೆನ್ನುವವರು. ಕೆಳಗೆ ನಿಂತು ಹಿಡಿಯುವವರು ಸಾಲುತ್ತಿರಲಿಲ್ಲ. ನನಗೆ ಹದಿನೇಳು ವರ್ಷ, ಎತ್ತರ ಐದು ಅಡಿ ಒಂಬತ್ತು ಇಂಚು, ಕುಂದಾಪುರದಲ್ಲಿ ಐದು ವರ್ಷ ಕಬಡ್ಡಿ ಆಡಿದವಳು. ಕೋಚ್ ರೆನೀ ನನ್ನ ಅಂಗೈ ಒತ್ತಿ ನೋಡಿ ಹಿಂದೆ ನಿಲ್ಲಿಸಿದರು. ಮುಂದಿನ ಇಬ್ಬರು ಅನ್ವಿಯ ಪಾದ ಹೊರುತ್ತಾರೆ, ನಾನು ಹಿಂದಿನಿಂದ ಅವಳ ಕಣಕಾಲು ಹಿಡಿದು ಮೇಲಕ್ಕೆ ಒತ್ತಬೇಕು.

ಕಬಡ್ಡಿಯಲ್ಲೂ ನನ್ನದು ಕಣಕಾಲು ಹಿಡಿಯುವ ಕೆಲಸವೇ ಆಗಿತ್ತು. ಎಡಮೂಲೆ ನನ್ನದು. ಎದುರಾಳಿ ಒಳಗೆ ಬಂದು ಆಯ ತಪ್ಪಿದ ಕ್ಷಣದಲ್ಲಿ ಕಾಲು ಹಿಡಿದು ನನ್ನ ಕಡೆಗೆ ಎಳೆಯಬೇಕು. ಯೋಚಿಸಿದರೆ ಅವಳು ಗೆರೆ ದಾಟಿರುತ್ತಾಳೆ. ಅದಕ್ಕೇ ಯೋಚಿಸದೆ ಎಳೆಯುವುದನ್ನು ಕಲಿಸುತ್ತಾರೆ.

ಅಕ್ಟೋಬರ್ 21ರಂದು ಅನ್ವಿ ಮೇಲೆ ನಿಂತು ತುಸು ಓಲಾಡಿದಳು. ನಾನು ಎಳೆದೆ.

ಅವಳು ನನ್ನ ಭುಜಕ್ಕೆ ಬಡಿದು ಚಾಪೆಯ ಮೇಲೆ ಬಿದ್ದಳು. ಮಣಿಕಟ್ಟು ಉಳುಕಿ ಹದಿನೆಂಟು ದಿನ ಬರಲಿಲ್ಲ. ಅವಳ ಅಮ್ಮ ಫೋನಿನಲ್ಲಿ, "ಬಿಡಮ್ಮಾ, ನಮ್ಮನೆ ಸೋಫಾದಿಂದನೂ ಬೀಳ್ತಾಳೆ ಇವ್ಳು," ಎಂದರು. ಆದರೆ ಮರಳಿ ಬಂದ ಅನ್ವಿ ಕೋಚ್‌ಗೆ ನನ್ನೆದುರೇ ಹೇಳಿದಳು: "ಐ ಆಮ್ ನಾಟ್ ಗೋಯಿಂಗ್ ಅಪ್ ವಿತ್ ಹರ್." ಡಿಸೆಂಬರ್ ಆರಂಭದ ಸ್ಪರ್ಧೆಯೊಳಗೆ ಅವಳು ಒಪ್ಪದಿದ್ದರೆ ನನ್ನನ್ನು ತಂಡದಿಂದ ಬಿಡಬೇಕಾಗುತ್ತದೆ ಎಂದರು ಕೋಚ್. ಅವರ ದನಿಯಲ್ಲಿ ಸಿಟ್ಟಿರಲಿಲ್ಲ.

ಅನ್ವಿ ಇಲ್ಲದ ದಿನಗಳಲ್ಲೇ ನಾನು ಅಮ್ಮನನ್ನು ಕುರ್ಚಿ ಹತ್ತಿಸಲು ಶುರುಮಾಡಿದ್ದೆ. ಅಮ್ಮ ಹೇಳದೆ ಕೇಳದೆ ಓಲಾಡಬೇಕು, ನಾನು ಹಿಂದಿನಿಂದ ಕಣಕಾಲು ಹಿಡಿದು ಎಳೆಯದೆ ನಿಲ್ಲಬೇಕು.

"ಎಂತ ಹೆಣೇ, ಇಡೀ ದಿನ ಆಸ್ಪತ್ರೆಲಿ ಬಿದ್ದವ್ರನ್ನ ಎತ್ತಿ ಬಂದದ್ದ್, ಇಲ್ಲಿ ನನ್ನನ್ನೇ ಬೀಳ್ಸುದಾ?"

"ಮಾತಾಡ್ಬೇಡ ಅಮ್ಮ, ಓಲಾಡು."

ಮೊದಲ ಸಂಜೆ ಇಪ್ಪತ್ತು ಸಲದಲ್ಲಿ ಹದಿಮೂರು ಬಾರಿ ಎಳೆದೆ. ಒಂಬತ್ತನೆಯ ಸಂಜೆ ಆರು. ಕೆಳಮನೆಯವರು ಎರಡು ಬಾರಿ ಬಾಗಿಲು ತಟ್ಟಿದರು. ಇಪ್ಪತ್ತಮೂರನೆಯ ಸಂಜೆ ಒಂದೂ ಇಲ್ಲ.

ಈ ಲೆಕ್ಕ ಬರೆದಿಟ್ಟ ನೋಟ್‌ಬುಕ್ಕನ್ನು ಮರುದಿನ ಜಿಮ್ಮಿನಲ್ಲಿ ಅನ್ವಿಯ ಕೈಗೆ ಕೊಟ್ಟೆ. ಅವಳು ಅಂಕಿಗಳ ಮೇಲೆ ಬೆರಳಾಡಿಸಿದಳು.

"ವಾಟ್ ಈಸ್ ದಿಸ್?"

"ನಾನು ಎಳೆದದ್ದು. ಅಮ್ಮನ ಕಾಲು. ಕುರ್ಚಿ ಮೇಲೆ ನಿಲ್ಸಿ."

"ಯು ಪುಟ್ ಯುವರ್ ಮಾಮ್ ಆನ್ ಅ ಚೇರ್?" ಆಮೇಲೆ ದನಿ ತಗ್ಗಿಸಿ, ನನ್ನೊಡನೆ ಮೊದಲ ಸಲ ಕನ್ನಡದಲ್ಲಿ: "ಆಂಟಿ ಬಿದ್ರಾ?"

"ಎರಡು ಸಲ."

ಅವಳು ಜೋರಾಗಿ ನಕ್ಕಳು. ಆ ದಿನ ಮೊಣಕಾಲಿನ ಎತ್ತರದವರೆಗೆ ಹತ್ತಿದಳು. ಮರುವಾರ ಭುಜದವರೆಗೆ.

ಸ್ಪರ್ಧೆಯಲ್ಲಿ ನಮ್ಮ ಸರದಿ ಎರಡೂವರೆ ನಿಮಿಷ. ಅವಳು ಪೂರ್ತಿ ಮೇಲೆ ನಿಂತಾಗ ಎಡಗಾಲು ಅಲುಗಿತು. ನನ್ನ ಬೆರಳುಗಳು ಬಿಗಿದವು. ಕೈ ಮೇಲಕ್ಕೇ ಒತ್ತಿತು. ಒಂಬತ್ತು ತಂಡಗಳಲ್ಲಿ ನಾವು ನಾಲ್ಕನೆಯವರು. ಯಾರೂ ಬೀಳದ್ದಕ್ಕೆ ಅಂಕ ಕಡಿತವಿಲ್ಲ ಎಂದು ಕೋಚ್ ಖುಷಿಗೆ ಅತ್ತರು. ಅಳುವಷ್ಟು ದೊಡ್ಡದು ಅದು ಎಂದು ನನಗೆ ಆಗಲೂ ಅನಿಸಲಿಲ್ಲ, ಆದರೆ ಅನ್ವಿ ಕೆಳಗಿಳಿದ ಮೇಲೂ ನನ್ನ ಕೈ ಬಿಡಲಿಲ್ಲ.

ಅಮ್ಮ ಆ ವಿಡಿಯೋವನ್ನು ನನ್ನ ಕಬಡ್ಡಿ ತಂಡದ ನಾಯಕಿ ಶೈಲಜಾಗೆ ಕಳಿಸಿದಳು. ಮರುದಿನ ಅವಳ ಸಂದೇಶ: "ನೀ ಎಲ್ಲಿದ್ದೆ? ಕಾಂತೇ ಇಲ್ಯಲೆ."

ಹಿಂದೆ, ಕೆಳಗೆ, ಎಂದು ಬರೆದೆ. ಅವಳು ವಿಡಿಯೋ ನಿಲ್ಲಿಸಿ ಆ ಚಿತ್ರ ಕಳಿಸಿದಳು. ಅನ್ವಿಯ ಕಾಲ ಸುತ್ತ ಎರಡು ಕೈ, ಅದಕ್ಕೊಂದು ಕೆಂಪು ವೃತ್ತ.

"ಇದ್ ನಿಂದಾ? ಕಾಲ್ ಅಲ್ಗಿತ್ತಲೆ, ಎಳಿಲಿಲ್ಯಾ?"

"ಇಲ್ಲ."

ಆಮೇಲೆ ಇನ್ನೊಂದು ಬಂತು. "ಹಂಗಾರೆ ಎಡಮೂಲೆಗೆ ಬೇರೆಯರನ್ನ ನಿಲ್ಸುದಾ? ಇಷ್ಟ್ ದಿನ ನಿಂಗಂತ ಖಾಲಿ ಇಟ್ಟಿತ್."

ಅದು ಬಂದು ಇಂದಿಗೆ ನಾಲ್ಕು ದಿನ. ಇಂದು ಸಂಜೆ ಐದಕ್ಕೆ ಅಭ್ಯಾಸವಿದೆ. ಉತ್ತರವನ್ನು ಮೂರು ಸಲ ಬರೆದು ಅಳಿಸಿದ್ದೇನೆ.