ಪಾರ್ಲರಕ್ಕ ಏಸಿಗೆ ತಲೆಸ್ನಾನ ಮಾಡಿಸಿದ್ದು

ಪಾರ್ಲರಕ್ಕನಿಗೆ ಹೆತ್ತವರು ಇಟ್ಟ ಹೆಸರೊಂದಿದೆ ಎಂಬುದು ಅವಳ ಗಂಡನಿಗೂ ಅರ್ಜಿ ತುಂಬುವಾಗಷ್ಟೇ ನೆನಪಾಗುತ್ತಿತ್ತು. ಮನೆಯ ಮುಂಗೋಣೆಯೇ ಅವಳ ಪಾರ್ಲರು. ಎರಡು ಕುರ್ಚಿ, ಗೋಡೆಯುದ್ದದ ಕನ್ನಡಿ, ತಲೆ ತೊಳೆಯಲು ಕತ್ತು ಇಡುವ ಕುಳಿಯಿರುವ ಒಂದು ಬೇಸಿನ್. ಹದಿನೆಂಟು ವರ್ಷಗಳಿಂದ ಆ ಬೀದಿಯ ಹೆಂಗಸರ ತಲೆಗಳೆಲ್ಲ ಅವಳ ಕೈಯಲ್ಲೇ. ಯಾರ ನೆತ್ತಿ ತೆಳ್ಳಗಾಗಿದೆ, ಯಾರು ಬಣ್ಣ ಹಾಕಿಸಿಕೊಂಡು ಹೊರಗೆ ಹೋಗಿ ಹುಟ್ಟಾ ಕಪ್ಪು ಎಂದು ಕೊಚ್ಚಿಕೊಳ್ಳುತ್ತಾರೆ, ಎಲ್ಲ ಗೊತ್ತು. ಗುಟ್ಟು ಹೊಟ್ಟೆಯಲ್ಲಿಟ್ಟುಕೊಳ್ಳುವುದರಲ್ಲಿ ಅವಳದು ಎತ್ತಿದ ಕೈ.

ಅವಳಿಗಿದ್ದ ರೋಗ ಒಂದೇ. ಯಾರ ಹತ್ತಿರವೂ ಸಹಾಯ ಕೇಳಬಾರದು. "ಇರಲಿ ಬಿಡಿ, ನಾನೇ ಮಾಡ್ಕೋತೀನಿ" ಎಂಬ ಮಾತು ದಿನಕ್ಕೆ ಇಪ್ಪತ್ತು ಸಲ ಅವಳ ಬಾಯಿಂದ ಬರುತ್ತಿತ್ತು. ನಲ್ಲಿ ಸೋರಿದರೆ ತಾನೇ, ಫ್ಯಾನು ಕಿರುಗುಟ್ಟಿದರೆ ತಾನೇ. ಊಟದ ಮೇಜು ಅಲ್ಲಾಡುತ್ತದೆಂದು ಒಮ್ಮೆ ಅದರ ಒಂದು ಕಾಲು ಕೊಯ್ದಳು. ಆಮೇಲೆ ಇನ್ನೊಂದು ಉದ್ದವೆನಿಸಿತು, ಅದನ್ನೂ ಕೊಯ್ದಳು. ಹೀಗೇ ಮೇಜಿನ ಸುತ್ತ ಮೂರು ಪ್ರದಕ್ಷಿಣೆ ಮುಗಿಯುವ ಹೊತ್ತಿಗೆ ಅದಕ್ಕೆ ಕುರ್ಚಿಯೇ ಬೇಡವಾಯಿತು, ನೆಲದ ಮೇಲೆ ಕೂತರೆ ಸರಿಹೋಗುತ್ತಿತ್ತು. ಸೋತೆ ಅಂದಳೇ? ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. "ಕೆಳಗೆ ಕೂತು ಉಣ್ಣೋದು ಆರೋಗ್ಯಕ್ಕೆ ಒಳ್ಳೇದು" ಅಂದುಬಿಟ್ಟಳು.

ಮನೆಯಲ್ಲಿ ಅತ್ತೆ ಇದ್ದರು. ವಯಸ್ಸು ಎಪ್ಪತ್ತೆರಡು. ಬಟ್ಟೆ ಗಿರಣಿಯಲ್ಲಿ ಮೂವತ್ತು ವರ್ಷ ದುಡಿದವರು. ಮಗ್ಗಗಳ ಗದ್ದಲದಲ್ಲಿ ಮಾತಾಡಿ ಮಾತಾಡಿ, ಈಗಲೂ ಅವರು ಪಿಸುಮಾತು ಹೇಳಿದರೆ ಪಕ್ಕದ ಮನೆಯವರು ಉತ್ತರ ಕೊಡುತ್ತಿದ್ದರು. ಇಪ್ಪತ್ತೆರಡು ವರ್ಷದ ಹಿಂದೆ ಸೊಸೆ ಕಾಲಿಟ್ಟ ಮೇಲೆ ಅವರ ಕೈಯ ಕೆಲಸ ಒಂದೊಂದಾಗಿ ಜಾರಿಹೋಯಿತು. ಪಾತ್ರೆ ಮುಟ್ಟಲು ಹೋದರೆ "ಇರಲಿ ಬಿಡಿ ಅತ್ತೆ." ಅಂಗಿಗೆ ಗುಂಡಿ ಹೊಲಿಯಲು ಕೂತರೆ "ನಾನೇ ಮಾಡ್ಕೋತೀನಿ ಅತ್ತೆ." ಸೊಸೆ ಅದನ್ನು ಮರ್ಯಾದೆ ಎಂದುಕೊಂಡಿದ್ದಳು. ಅತ್ತೆ ಏನೆಂದುಕೊಂಡಿದ್ದಾರೆಂದು ಯಾರೂ ಕೇಳಿರಲಿಲ್ಲ.

ಆ ಬೇಸಿಗೆಯಲ್ಲಿ ಅತ್ತೆಯ ಕೋಣೆಯ ಏಸಿ ನಾರತೊಡಗಿತು. "ಒದ್ದೆ ನಾಯಿ ಪಕ್ಕದಲ್ಲಿ ಮಲಗಿದ ಹಾಗಿದೆ" ಎಂದು ಅತ್ತೆ ಮೂಗು ಮುರಿದರು. ವಾಸನೆಯ ಹಿಂದೆಯೇ ಕೆಮ್ಮು ಬಂತು. ಡಾಕ್ಟರು ಏಸಿಯೊಳಗಿನ ಕೊಳೆ ತೆಗೆಸಿ ಎಂದರು. ಏಸಿ ಮೆಕ್ಯಾನಿಕ್ಕು ಎಂಟು ದಿನ ಬಿಟ್ಟು ಬರುತ್ತೇನೆ ಎಂದ. ಭಾನುವಾರ ಅತ್ತೆ ಬಾಗಿಲು ಮುಂದಕ್ಕೆಳೆದುಕೊಂಡು ಮಗಳಿಗೆ ಫೋನು ಮಾಡಿದರು. "ನಾಳೆ ನಾಲ್ಕು ಗಂಟೆಗೆ ಬಂದು ಕರ್ಕೊಂಡು ಹೋಗು. ವಾರದ ಮಟ್ಟಿಗಲ್ಲ, ಇನ್ನು ಅಲ್ಲೇ ಇರ್ತೀನಿ." ಬಾಗಿಲು ಮುಚ್ಚಿದ್ದರೇನು, ಪಾರ್ಲರಿನಲ್ಲಿ ತಲೆ ಕೊಟ್ಟು ಕೂತಿದ್ದವರಿಗೂ ಕೇಳಿಸಿತು.

"ಹೋಗಲಿ ಬಿಡಿ, ನೆಮ್ಮದಿ" ಎಂದು ಅಕ್ಕ ಗಂಡನಿಗೆ ಫೋನಿನಲ್ಲಿ ಹೇಳಿದಳು. ಹೇಳಿದ ಮೇಲೆ ಕೈಯಲ್ಲಿದ್ದ ಕತ್ತರಿ ಎಲ್ಲಿಟ್ಟೆನೆಂದು ಹತ್ತು ನಿಮಿಷ ಹುಡುಕಿದಳು. ಗಂಡ ಲಾರಿ ಡ್ರೈವರು, ವಾರದಲ್ಲಿ ನಾಲ್ಕು ದಿನ ಮನೆಯಲ್ಲಿರುತ್ತಿರಲಿಲ್ಲ. ಸಂಜೆ ಪಾರ್ಲರಿನ ಬಾಗಿಲು ಹಾಕಿ ಒಳಗೆ ಬಂದರೆ "ಇಷ್ಟು ಹೊತ್ತು ಯಾರ ತಲೆ ಬೋಳಿಸ್ತಿದ್ದೆ?" ಎಂದು ಕೇಳುವ ಜೀವ ಅತ್ತೆಯೊಂದೇ. ಜಗಳಕ್ಕಾದರೂ ಮನೆಯಲ್ಲಿ ಒಬ್ಬರು ಬೇಡವೇ? ನಾಲ್ಕು ಗಂಟೆಯೊಳಗೆ ಏಸಿ ಶುದ್ಧವಾದರೆ ಅತ್ತೆ ಹೋಗಲು ಕಾರಣವೇ ಉಳಿಯುವುದಿಲ್ಲ ಎಂದು ಅವಳಿಗೆ ಹೊಳೆಯಿತು. ಅದೃಷ್ಟಕ್ಕೆ ಸೋಮವಾರ ಪಾರ್ಲರಿಗೆ ರಜ.

ಮರುದಿನ ಹನ್ನೊಂದು ಗಂಟೆಗೆ, ಅತ್ತೆ ಬೀದಿಯವರಿಗೆಲ್ಲ ಹೇಳಿಬರಲು ಹೋದ ಮೇಲೆ, ಫೋನಿನಲ್ಲಿ ವಿಡಿಯೊ ಹಾಕಿ ನೋಡಿದಳು. ಅದರಲ್ಲಿದ್ದವನು ಯಾವುದೋ ದ್ರಾವಣ, ಅಂಗಡಿಯಿಂದ ತನ್ನಿ, ಎಂದೆಲ್ಲ ಶುರುಮಾಡಿದ. ಅಷ್ಟರಲ್ಲಿ ಅಕ್ಕನಿಗೆ ತಾಳ್ಮೆ ಮುಗಿಯಿತು. ಊರಿನ ತಲೆಗಳನ್ನೆಲ್ಲ ತೊಳೆದವಳಿಗೆ ಇದೊಂದು ಮಹಾ ಕೆಲಸವೇ?

ಮೊದಲು ಸ್ವಿಚ್ಚು ಆರಿಸಿದಳು, ಮೇನ್ ಬೋರ್ಡಿನಲ್ಲೂ ಏಸಿಯ ಕರೆಂಟು ತೆಗೆದಳು. ಈ ಬುದ್ಧಿಯನ್ನು ಅವಳಿಗೆ ಹಿಂದೊಮ್ಮೆ ಕೂದಲೊಣಗಿಸುವ ಯಂತ್ರ ಶಾಕ್ ಹೊಡೆದು ಕಲಿಸಿತ್ತು. ಸ್ಟೂಲು ಹತ್ತಿ ಮುಂದಿನ ಮುಚ್ಚಳ ಎತ್ತಿ ಜಾಲರಿ ಎಳೆದಳು. ಧೂಳು ಕಂಬಳಿಯಾಗಿ ಕೈಗೆ ಬಂತು. ಸ್ಕ್ರೂ ಬಿಚ್ಚಿ ಹೊರಗವಚ ತೆಗೆದಾಗ ಗಾಳಿ ತಂಪು ಮಾಡುವ ಕಾಯಿಲ್ ಕಂಡಿತು. ಕಾಗದದಷ್ಟು ತೆಳುವಾದ ನೂರಾರು ಅಲ್ಯೂಮಿನಿಯಂ ಹಾಳೆಗಳು ಒತ್ತೊತ್ತಾಗಿ ನೆಟ್ಟಗೆ ನಿಂತಿದ್ದವು. ಅವುಗಳ ಸಂದಿಯಲ್ಲೆಲ್ಲ ಬೂದು ಪುಡಿ, ಅಂಚಿನಲ್ಲಿ ಕಪ್ಪು ಬೂಷ್ಟು.

"ಅಯ್ಯಯ್ಯೋ, ಎಷ್ಟು ಹೊಟ್ಟು!" ಎಂದಳು ಪಾರ್ಲರಕ್ಕ.

ಹೊಟ್ಟು ಎಂದ ಮೇಲೆ ಮುಗಿಯಿತು, ಅದಕ್ಕೆ ಮದ್ದು ಅವಳ ಕಪಾಟಿನಲ್ಲೇ ಇತ್ತು. ವೈರುಗಳಿದ್ದ ಡಬ್ಬಿಗೆ ಸ್ನಾನದ ಪ್ಲಾಸ್ಟಿಕ್ ಟೋಪಿ ತೊಡಿಸಿದಳು. ಗಿರಾಕಿಗಳ ಕೊರಳಿಗೆ ಕಟ್ಟುವ ಮೇಲುಹೊದಿಕೆಯನ್ನು ಏಸಿಯ ಕೆಳಗೆ ಕಟ್ಟಿ, ಅದರ ತುದಿಯನ್ನು ಬಕೆಟ್ಟಿಗೆ ಬಿಟ್ಟಳು. ಹೊಟ್ಟಿನ ಶಾಂಪೂ ಸೀಸೆಯನ್ನು ಆರು ಸಲ ಒತ್ತಿ, ನೀರು ಬೆರೆಸಿ, ಸ್ಪ್ರೇ ಬಾಟಲಿಗೆ ತುಂಬಿ ಚಿಮುಕಿಸಿದಳು. ಅಲ್ಲಿಗೇ ನಿಲ್ಲಿಸಿದ್ದರೂ ಆಗುತ್ತಿತ್ತು. ಕೈ ಕೇಳಬೇಕಲ್ಲ! ಹದಿನೆಂಟು ವರ್ಷದ ಅಭ್ಯಾಸ, ಹತ್ತೂ ಬೆರಳಿನಿಂದ ಕಾಯಿಲನ್ನು ತಿಕ್ಕಿದಳು. ಆಮೇಲೆ ಬ್ರಷ್ ಹಿಡಿದು ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಉಜ್ಜಿದಳು.

ನೊರೆ ಬಂತು. ಹೇಗೆ ಬಂತೆಂದರೆ, ಗಿರಾಕಿಯ ತಲೆಯಾಗಿದ್ದರೆ ಆಕೆ ಮೆಚ್ಚಿ ಇನ್ನಿಬ್ಬರನ್ನು ಕರೆತರುತ್ತಿದ್ದಳು. ಏಸಿಯ ನೀರು ಹೊರಹೋಗುವ ಕೊಳವೆಯ ಬಾಯಿ ಲೋಳೆಯಿಂದ ಕಟ್ಟಿಕೊಂಡಿತ್ತು. ದಾರಿ ಕಾಣದ ನೊರೆ ಏಸಿಯೊಳಗಿನ ನೀರಿನ ತಟ್ಟೆ ತುಂಬಿ, ಹೊದಿಕೆ ದಾಟಿ, ಗೋಡೆಯ ಮೇಲಿಳಿದು, ಕೆಳಗೆ ಅತ್ತೆ ಕಟ್ಟಿಟ್ಟಿದ್ದ ಸೂಟ್‌ಕೇಸಿನ ಮೇಲೆ ಕುಳಿತಿತು. ಅದನ್ನು ಒರೆಸಿ ಅಕ್ಕ ತಲೆಯೆತ್ತಿ ನೋಡಿದಳು. ಕಾಯಿಲಿನ ನಡುವೆ ಎರಡು ಅಂಗೈಯಗಲದಷ್ಟು ಜಾಗದ ಹಾಳೆಗಳು ಅಡ್ಡಡ್ಡ ಮಲಗಿಬಿಟ್ಟಿದ್ದವು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಅಲ್ಲಿ ಇನ್ನು ಗಾಳಿಯೇ ನುಗ್ಗುವಂತಿರಲಿಲ್ಲ. ಗಡಿಯಾರ ಒಂದೂವರೆ ತೋರಿಸುತ್ತಿತ್ತು.

"ಏನೇ ಇದು? ಏಸಿಗೆ ತಲೆಸ್ನಾನ ಮಾಡಿಸ್ತಿದ್ದೀಯಾ?"

ಬಾಗಿಲಲ್ಲಿ ಅತ್ತೆ ನಿಂತಿದ್ದರು.

"ಇರಲಿ ಬಿಡಿ ಅತ್ತೆ, ನಾನೇ..." ಎಂದು ಅಕ್ಕ ಶುರುಮಾಡಿದಳು. ಕೈಯಲ್ಲಿದ್ದ ಬ್ರಷ್ ಕೆಳಗಿಟ್ಟಳು. "ಕೆಡಿಸಿಬಿಟ್ಟೆ ಅತ್ತೆ" ಅಂದಳು, ಸಣ್ಣ ದನಿಯಲ್ಲಿ.

ಅತ್ತೆ ಕನ್ನಡಕ ಏರಿಸಿಕೊಂಡು, ಸೊಸೆಯ ಭುಜ ಹಿಡಿದು ಮಂಚದ ಮೇಲೆ ಹತ್ತಿದರು. ಬೆರಳ ತುದಿಯಿಂದ ಕಾಯಿಲನ್ನು ಮೆಲ್ಲಗೆ ಸವರಿದರು. "ಅರೆ, ಇದು ನಮ್ಮ ಹಣಿಗೆ ಥರಾನೇ ಇದೆಯಲ್ಲೇ! ಮಗ್ಗದಲ್ಲಿ ನೂಲು ಸಿಕ್ಕಾಗದ ಹಾಗೆ ಬಿಡಿಸಿ ಹಿಡಿಯೋ ಉಕ್ಕಿನ ಬಾಚಣಿಗೆ. ಅದರದ್ದು ಒಂದು ಕಡ್ಡಿ ಬಾಗಿದ್ರೂ ಬಟ್ಟೆ ಉದ್ದಕ್ಕೂ ಗೆರೆ ಬೀಳ್ತಿತ್ತು. ಸರಿಮಾಡೋಕೆ ಮೇಸ್ತ್ರಿ ನನ್ನನ್ನೇ ಕೂಗ್ತಿದ್ದ. ನಿನ್ನ ಹತ್ರ ಹೇನು ತೆಗೆಯೋ ಬಾಚಣಿಗೆ ಇದೆಯಾ?"

"ನಾಲ್ಕಿದೆ."

"ತೆಳ್ಳಗಿರೋದು ತಗೊಂಡು ಬಾ. ಟಾರ್ಚ್ ಹಿಡ್ಕೋ. ಮೇಲಿಂದ ಕೆಳಕ್ಕೆ ಮಾತ್ರ. ಅಡ್ಡ ಕೈ ಹಾಕಿದ್ಯೋ, ಬೆರಳು ಮುರೀತೀನಿ."

ಆ ಮನೆಯಲ್ಲಿ ಅತ್ತೆ ಹೇಳಿದ್ದನ್ನು ಸೊಸೆ ತುಟಿಪಿಟಕ್ಕೆನ್ನದೆ ಮಾಡಿದ್ದು ಅದೇ ಮೊದಲು. ಅತ್ತೆ ಬಾಚಣಿಗೆಯ ಹಲ್ಲುಗಳನ್ನು ಒಂದೊಂದು ಸಂದಿಗೂ ಇಳಿಸಿ, ಒಂದೊಂದೇ ಹಾಳೆಯನ್ನು ಎಬ್ಬಿಸಿ ನಿಲ್ಲಿಸಿದರು. ಉಸಿರು ಬಿಗಿಹಿಡಿದು ಹತ್ತು ಹಾಳೆ, ಆಮೇಲೆ ಒಂದು ಕೆಮ್ಮು, ಮತ್ತೆ ಹತ್ತು ಹಾಳೆ. ಕೈ ಒಂದಿಷ್ಟೂ ನಡುಗಲಿಲ್ಲ. ಅಕ್ಕ ಅವರ ಸೊಂಟಕ್ಕೆ ಒಂದು ಕೈ ಆನಿಸಿ, ಇನ್ನೊಂದರಲ್ಲಿ ಟಾರ್ಚ್ ಹಿಡಿದು ಬಾಯಿ ತೆರೆದು ನೋಡುತ್ತಿದ್ದಳು. ಈ ಕೈಗಳನ್ನು ತಾನು ಒಂದು ಗುಂಡಿ ಹೊಲಿಯಲೂ ಬಿಟ್ಟಿರಲಿಲ್ಲವಲ್ಲ ಎನ್ನಿಸಿ ಅವಳಿಗೆ ನಾಚಿಕೆಯಾಯಿತು.

ಹಾಳೆಗಳೆಲ್ಲ ಎದ್ದು ನಿಂತ ಮೇಲೆ ಅಕ್ಕ ಕೊಳವೆಯ ಬಾಯಿ ಬಿಡಿಸಿದಳು. ಬರಿಯ ನೀರು ತುಂಬಿ ತುಂಬಿ ಹನ್ನೊಂದು ಬಾಟಲಿ ಚಿಮುಕಿಸಿದಳು. ಮೊದಲು ಕಪ್ಪು ನೀರು, ಆಮೇಲೆ ಬೂದು, ಕೊನೆಗೆ ತಿಳಿನೀರು ಬಕೆಟ್ಟಿಗೆ ಇಳಿಯಿತು. ಅದು ಸೋರಿ ಮುಗಿಯಲೆಂದು ಇಬ್ಬರೂ ಮಂಚದ ಅಂಚಿನಲ್ಲಿ ಕೂತರು.

"ಇನ್ನು ವಾಸನೆ ಬರಲ್ಲ ಅತ್ತೆ. ನೀವು ಹೋಗೋ ಅಗತ್ಯವೇ ಇಲ್ಲ" ಎಂದಳು ಅಕ್ಕ.

"ವಾಸನೆಗೆ ಯಾರಾದ್ರೂ ಮನೆ ಬಿಡ್ತಾರೇನೇ?" ಅತ್ತೆ ಬಾಚಣಿಗೆಯ ಹಲ್ಲು ಒರೆಸುತ್ತ ಹೇಳಿದರು. "ಗಿರಣೀಲಿ ಮೂವತ್ತು ವರ್ಷ ಹತ್ತಿಧೂಳು ಕುಡಿದವಳು ನಾನು. ಮಗಳ ಮನೆಗೆ ಹೋದ್ರೆ ಅವಳು ನನ್ನ ಮುಂದೆ ಬಟಾಣಿ ಸುರೀತಾಳೆ, ಸುಲಿಯಮ್ಮ ಅಂತಾಳೆ. ಇಲ್ಲಿ ನಾನು ಗೋಡೆಗೆ ಹಾಕಿದ ಕ್ಯಾಲೆಂಡರು. ನೋಡ್ತೀರ, ಧೂಳು ಒರೆಸ್ತೀರ, ಅಷ್ಟೇ."

ಅಕ್ಕ ಎದ್ದು ಕವಚ ಕೂರಿಸಿ, ಸ್ಕ್ರೂ ಬಿಗಿದು, ವೈರಿನ ಡಬ್ಬಿ ಒಣಗಿದೆಯೇ ಎಂದು ಎರಡು ಸಲ ಮುಟ್ಟಿ ನೋಡಿ, ಕರೆಂಟು ಕೊಟ್ಟಳು. ಏಸಿ ಒಮ್ಮೆ ಗುರುಗುಟ್ಟಿತು, ಒಂದು ಗುಳ್ಳೆ ಊದಿತು, ಆಮೇಲೆ ತಣ್ಣನೆಯ ಗಾಳಿ ಬಿಟ್ಟಿತು. ಅತ್ತೆ ಮೂಗೇರಿಸಿ ಮೂಸಿದರು.

"ನಾಯಿ ಸ್ನಾನ ಮಾಡಿದೆ" ಎಂದರು.

ನಾಲ್ಕಕ್ಕೆ ಸರಿಯಾಗಿ ನಾದಿನಿ ಬಂದಳು. ಕಾರಿನ ಕೀಲಿ ಬೆರಳಲ್ಲಿ ತಿರುಗಿಸುತ್ತ ಒಳಬಂದವಳು, ಒದ್ದೆಯಾಗಿ ಕೂತ ಇಬ್ಬರನ್ನೂ ನೋಡಿ ನಿಂತಳು. "ಏನತ್ತಿಗೆ, ಏಸಿ ಸರಿಹೋಯ್ತಾ? ಅಮ್ಮಾ, ಹಾಗಾದ್ರೆ ನೀನು ಬರ್ತೀಯೋ, ಇಲ್ವೋ?"

ಅತ್ತೆ ಎದ್ದು ಹೋಗಿ ಸೂಟ್‌ಕೇಸಿನ ಹಿಡಿ ಹಿಡಿದರು. ನೋಟ ಮಾತ್ರ ಸೊಸೆಯ ಮೇಲಿತ್ತು.

ಏಸಿ ತಣ್ಣಗೆ ಬೀಸುತ್ತಿದ್ದರೂ ಪಾರ್ಲರಕ್ಕ ಬೆವರಿದಳು. ಸಹಾಯ ಕೇಳಿ ಅಭ್ಯಾಸವಿಲ್ಲದ ನಾಲಿಗೆ, ಬೇಗ ಹೊರಳಲಿಲ್ಲ.

"ಹೋಗ್ಬೇಡಿ ಅತ್ತೆ" ಅಂದಳು. "ಏಸಿಗೋಸ್ಕರ ಅಲ್ಲ. ನೀವಿಲ್ದಿದ್ರೆ ನನ್ನ ಕೈಲಾಗಲ್ಲ."

"ಏನಂದೆ? ಕೇಳಿಸ್ಲಿಲ್ಲ."

ಅತ್ತೆಗೆ ಅಡುಗೆಮನೆಯಲ್ಲಿ ಚಮಚ ಬಿದ್ದರೂ ಕೇಳಿಸುತ್ತಿತ್ತು. ಅಕ್ಕನಿಗೂ ಅದು ಗೊತ್ತಿತ್ತು. ಆದರೂ ಇನ್ನೊಂದು ಸಲ ಹೇಳಿದಳು, ಈ ಸಲ ಪಕ್ಕದ ಮನೆಗೂ ಕೇಳುವ ಹಾಗೆ. ಹೇಳುತ್ತ ಹೇಳುತ್ತ ಕಣ್ಣಲ್ಲಿ ನೀರು ಬಂತು, ಶಾಂಪೂ ಉರಿ ಎಂದು ಸುಳ್ಳು ಹೇಳಲೂ ಮರೆತಳು.

"ಅಷ್ಟು ಹೇಳೋಕೆ ಇಪ್ಪತ್ತೆರಡು ವರ್ಷ ತಗೊಂಡೆ ನೋಡು" ಎಂದರು ಅತ್ತೆ. ಮಗಳ ಕಡೆ ತಿರುಗಿ, "ಈ ಸೂಟ್‌ಕೇಸ್ ಅಟ್ಟದ ಮೇಲಿಡು. ಇವಳ ಕೈ ಸೋತಿದೆ" ಎಂದರು. "ನೀನು ಕೂತ್ಕೋ, ಏಳ್ಬೇಡ. ಟೀ ನಾನು ಮಾಡ್ತೀನಿ."

ಹಳೆಯ ಮಾತು ಅಕ್ಕನ ತುಟಿಯವರೆಗೂ ಬಂದಿತ್ತು. ನಾಲಿಗೆ ಕಚ್ಚಿಕೊಂಡು ಕೂತಳು. ಅಡುಗೆಮನೆಯಲ್ಲಿ ಡಬ್ಬಿಗಳು ದಡಬಡ ಸದ್ದು ಮಾಡಿದವು, ಏನೋ ಬಿತ್ತು, ಏನೋ ಉಕ್ಕಿತು. ಅವಳು ಏಳಲಿಲ್ಲ. ಸಕ್ಕರೆ ಡಬ್ಬಿ ಎಲ್ಲಿದೆಯೆಂದು ಅತ್ತೆ ಕೂಗಿ ಕೇಳಿದಾಗ, ಕೂತಲ್ಲಿಂದಲೇ "ಎರಡನೇ ಸಾಲು, ಬಲಗಡೆ" ಅಂದಳು. ಟೀ ಬಂತು, ಪಾನಕದ ಹಾಗೆ ಸಿಹಿಯಾಗಿತ್ತು. ಪಾರ್ಲರಕ್ಕ ಲೋಟ ಖಾಲಿ ಮಾಡಿ, ಇನ್ನರ್ಧ ಲೋಟ ಕೇಳಿ ಹಾಕಿಸಿಕೊಂಡಳು.