ಕಾಕುವಿಗೆ ಕೇಳಿಸಿದ ಪ್ರಕಟಣೆ

ಭೂತ, ಅಶರೀರವಾಣಿ ಎಂದು ಯಾರಾದರೂ ಕಥೆ ಹೇಳಿದರೆ ಮುಖದ ಮೇಲೇ ನಗುತ್ತಿದ್ದ ಜಾತಿ ನನ್ನದು. ಸೋಲಾಪುರದಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದೆ. ದಿನವಿಡೀ ಪೆಟ್ಟಿಗೆಗಳ ಬೆನ್ನು ಬಿಚ್ಚಿ ಕೂರುವವನಿಗೆ ದನಿ ಎಲ್ಲಿಂದ ಬರುತ್ತದೆ ಎಂಬುದು ನನಗಿಂತ ಯಾರಿಗೆ ಗೊತ್ತು ಎಂಬ ಸೊಕ್ಕು ಇದ್ದದ್ದೇ. ಈಗ ಬರೆಯುವುದನ್ನು ನೀವು ನಂಬಲೇಬೇಕೆಂಬ ಹಟವೇನೂ ನನಗಿಲ್ಲ.

ಎಪ್ಪತ್ತರ ದಶಕದ ಮಾತು. ಅಕ್ಕಲಕೋಟ ತಾಲೂಕಿನ ಹನ್ನೂರಿನಲ್ಲಿ ಗೆಳೆಯ ರೇವಪ್ಪನ ಮನೆ. ಅಂಗಡಿಗೆ ರಜೆ ಸಿಕ್ಕಾಗಲೆಲ್ಲ ಅಲ್ಲಿಗೆ ಹೋಗಿ ಉಳಿಯುತ್ತಿದ್ದೆ. ಅವನ ಚಿಕ್ಕಪ್ಪನ ಹೆಂಡತಿ ಶಾಂತಾಬಾಯಿ, ನಮಗೆಲ್ಲ ಕಾಕು, ಅದೇ ಮನೆಯಲ್ಲಿದ್ದಳು. ಗಂಡ ತೀರಿಕೊಂಡಿದ್ದ. ಒಬ್ಬನೇ ಮಗ ಮಲ್ಲೇಶಿ ಎರಡು ವರ್ಷದ ಹಿಂದೆ ಜಗಳಾಡಿ ಮನೆ ಬಿಟ್ಟವನು ಪತ್ತೆಯೇ ಇರಲಿಲ್ಲ. ಪೊಲೀಸರಿಗೆ ಬರೆದುಕೊಟ್ಟಾಗಿತ್ತು, ರೇಡಿಯೋದವರಿಗೂ ಅವನ ಗುರುತು ಕಳಿಸಿಯಾಗಿತ್ತು. ಅಂದಿನಿಂದ ಸಂಜೆ ಕನ್ನಡ ಕೇಂದ್ರದಲ್ಲಿ ಕಾಣೆಯಾದವರ ಪ್ರಕಟಣೆ ಮುಗಿಯುವವರೆಗೆ ಕಾಕು ಯಾರಿಗೂ ಮುಳ್ಳು ತಿರುಗಿಸಲು ಬಿಡುತ್ತಿರಲಿಲ್ಲ. ಅದೇ ಹೊತ್ತಿಗೆ ಇನ್ನೊಂದು ಕೇಂದ್ರದಲ್ಲಿ ಸಿನಿಮಾ ಹಾಡು. ನನಗಾಗ ಇಪ್ಪತ್ತೆರಡು ವರ್ಷ. ಮೈಯೆಲ್ಲ ಉರಿಯುತ್ತಿತ್ತು.

ಆಗಿನ ದೊಡ್ಡ ರೇಡಿಯೋಗಳ ಬೆನ್ನಿಗೆ ಗ್ರಾಮೋಫೋನ್ ತಗಲಿಸಲು ಎರಡು ತೂತು ಇರುತ್ತಿದ್ದವು. ಅಲ್ಲಿಗೆ ಮೈಕಿನ ತಂತಿ ಸಿಕ್ಕಿಸಿ ಪಕ್ಕದ ಕೋಣೆಯಲ್ಲಿ ಕೂತು ಮಾತಾಡಿದರೆ ದನಿ ರೇಡಿಯೋದಿಂದಲೇ ಹೊರಡುತ್ತದೆ. ನಮ್ಮ ಕಸುಬಿನವರೆಲ್ಲ ಆಡುತ್ತಿದ್ದ ಆಟ. ಒಂದು ಮಧ್ಯಾಹ್ನ ತಂತಿ ಸಿಕ್ಕಿಸಿಟ್ಟೆ. ರೇವಪ್ಪನಿಗೆ ಹೇಳಲಿಲ್ಲ, ಹೇಳಿದ್ದರೆ ಬಿಡುತ್ತಿರಲಿಲ್ಲ.

ಸಂಜೆ ಪ್ರಕಟಣೆಯ ಹೊತ್ತಿಗೆ ಕೋಣೆಯ ಬಾಗಿಲು ಹಾಕಿಕೊಂಡು, ಕೇಂದ್ರದವರ ಠೀವಿಯಲ್ಲಿ, ಹನ್ನೂರಿನ ಮಲ್ಲೇಶಿ ಸಿಕ್ಕಿದ್ದಾನೆ, ಸೋಲಾಪುರ ಸ್ಟೇಷನ್ನಿನಲ್ಲಿದ್ದಾನೆ, ಮನೆಯವರು ಬಂದು ಕರೆದೊಯ್ಯಬೇಕು ಎಂದೆ. ಬಾಗಿಲಾಚೆ ರೇಡಿಯೋದಿಂದ ದನಿ ಬರುತ್ತಿದ್ದುದಷ್ಟೇ ತಿಳಿಯುತ್ತಿತ್ತು, ಮಾತು ಸ್ಪಷ್ಟವಿರಲಿಲ್ಲ. ಹೊರಗೆ ಕಾಕು ಕೂಗಿಕೊಂಡಳು. ನಗು ತಡೆಯಲಾರದೆ ಬಾಯಿಗೆ ಟವೆಲು ತುರುಕಿಕೊಂಡೆ.

ಹೊರಗೆ ಬಂದರೆ ಅವಳಾಗಲೇ ರೊಟ್ಟಿ ಕಟ್ಟುತ್ತಿದ್ದಳು. ಗಂಟು ಹಾಕಿ ಬಾಗಿಲ ಕಡೆಗೆ ಹೊರಟಳು. ಸಂಜೆಯ ಎಸ್.ಟಿ. ಬಸ್ಸು ಬರುವ ಸಮಯ. ನನ್ನ ನಗು ಇಂಗಿಹೋಯಿತು.

“ಕಾಕೂ, ಹೋಗಬ್ಯಾಡ್ರಿ. ರೇಡಿಯೋದಾಗ ಮಾತಾಡಿದಾಂವ ನಾನ.”

ಅವಳು ನನ್ನನ್ನೇ ನೋಡಿದಳು. “ಜ್ವರ ಬಂದು ಅಕ್ಕಲಕೋಟ ಸ್ಟ್ಯಾಂಡಿನಾಗ ಮಲಗ್ಯಾನ ಅಂದದ್ದೂ ನೀನ ಏನು, ತಮ್ಮಾ?”

ಗಾಬರಿಯಲ್ಲಿ ತಪ್ಪು ಕೇಳಿಸಿಕೊಂಡಿದ್ದಾಳೆ ಎಂದುಕೊಂಡು ಹೌದು ಎಂದೆ. ಕಾಕು ಗಂಟು ಬಿಚ್ಚಿ ರೊಟ್ಟಿಯನ್ನು ಮತ್ತೆ ಬುಟ್ಟಿಗೆ ಹಾಕಿದಳು. ಅವಳ ಜೊತೆಗೇ ಪ್ರಕಟಣೆ ಕೇಳುತ್ತ ಕೂತಿದ್ದ ರೇವಪ್ಪ ನನ್ನ ಕೆನ್ನೆಗೆ ಬಾರಿಸಿದ. ಬಸ್ಸು ಬಂದು ಹೋಯಿತು.

ಮರುದಿನ ತಂತಿ ಸುತ್ತಿಕೊಳ್ಳಲು ಹೋದರೆ ಅದರ ತುದಿ ನೆಲದ ಮೇಲೆ ಬಿದ್ದಿತ್ತು. ಕಾಕು ದಿನಾ ದೀಪ ಹಚ್ಚುವ ಮುಂಚೆ ರೇಡಿಯೋವನ್ನು ಸೆರಗಿನಿಂದ ಒರೆಸಿ ಕೈಮುಗಿಯುವವಳು. ಹಿಂದಿನ ಸಂಜೆ ಪ್ರಕಟಣೆಗೆ ಮೊದಲೇ, ಒರೆಸುವಾಗ ಅಡ್ಡ ಬಂದ ತಂತಿಯನ್ನು ಕಿತ್ತಿಟ್ಟಿದ್ದಳಂತೆ. ನನ್ನ ಮಾತು ಆ ಪೆಟ್ಟಿಗೆಗೆ ಹೋಗಿಯೇ ಇರಲಿಲ್ಲ. ರೇವಪ್ಪನನ್ನು ಕೇಳಿದೆ. ಅವನಿಗೆ ಕೇಳಿಸಿದ್ದೂ ಅಕ್ಕಲಕೋಟ, ಜ್ವರ, ಹರಿದ ಎಡಗಿವಿ. ಮಲ್ಲೇಶಿಯನ್ನು ನಾನು ಕಂಡವನೇ ಅಲ್ಲ, ಅವನ ಕಿವಿ ಹರಿದಿತ್ತೆಂಬುದು ನನಗೆ ಗೊತ್ತೇ ಇರಲಿಲ್ಲ.

ಕಾಕುವಿಗೆ ಏನೋ ನೆವ ಹೇಳಿ ಇಬ್ಬರೂ ಅಕ್ಕಲಕೋಟಕ್ಕೆ ಓಡಿದೆವು. ಸ್ಟ್ಯಾಂಡಿನ ಚಹಾದವನು, ಕಿವಿ ಹರಿದವನೊಬ್ಬ ಎರಡು ದಿನದಿಂದ ಜ್ವರದಲ್ಲಿ ಬಿದ್ದಿದ್ದ ಎಂದ. “ನಿನ್ನಿ ಹನ್ನೂರ ಗಾಡಿ ಬಂದ ಕೂಡಲೆ ಎದ್ದು ಕುಂತ. ಯಾರೂ ಇಳೀಲಿಲ್ಲ. ಮುಂಜಾನಿ ನೋಡಿದ್ರ ಆಸಾಮಿ ಇಲ್ಲ.”

ದವಾಖಾನೆ, ಮಠ, ರೈಲು ಸ್ಟೇಷನ್ ಎಲ್ಲ ಹುಡುಕಿದೆವು. ಸಿಗಲಿಲ್ಲ, ಮುಂದೆಯೂ ಸಿಗಲಿಲ್ಲ. ಕೇಂದ್ರಕ್ಕೆ ಪತ್ರ ಬರೆದೆ. ಆ ಸಂಜೆ ಅಂಥ ಪ್ರಕಟಣೆ ಯಾವುದನ್ನೂ ಓದಿಲ್ಲ ಎಂದು ಉತ್ತರ ಬಂತು. ಕಾಕುವಿಗೆ ಇದಾವುದನ್ನೂ ಹೇಳುವ ಧೈರ್ಯ ನಮಗಾಗಲಿಲ್ಲ.

ಆ ದೀಪಾವಳಿಗೆ ಕಾಕು ನನ್ನನ್ನು ಊಟಕ್ಕೆ ಕರೆಸಿದಳು. ಹೋಳಿಗೆಯ ಮೇಲೆ ತುಪ್ಪ ಹಾಕುತ್ತ ಹೇಳಿದಳು: “ಹುಡುಗಬುದ್ಧಿಲೆ ಮಾಡೀದಿ, ಹೋಗ್ಲಿ ಬಿಡು. ಸುಳ್ಳಂತ ಆಗಿಂದಾಗ ಹೇಳಿದಿಯಲ್ಲ, ಅದ ಛಲೋ ಆತು. ಇಲ್ಲಾಂದ್ರ ಅಷ್ಟು ದೂರ ಸುಮ್ನ ಹೋಗಿ ಬರತಿದ್ನಿ.”

ತಲೆ ಬಗ್ಗಿಸಿ ಉಂಡೆ. ಆ ಸಂಜೆ ಮಾತಾಡಿದವರು ಯಾರೋ ನನಗೆ ಇಂದಿಗೂ ಗೊತ್ತಿಲ್ಲ. ಕಾಕು ಮಾತ್ರ ಸಾಯುವವರೆಗೂ ಅದು ನಾನೇ ಎಂದು ನಂಬಿದ್ದಳು.